ಎಂಜಿನ್ ಕುಡಿಯದ ಗಾಳಿಯ ಲೆಕ್ಕ

ಗಾಡಿಗಿಂತ ಮೊದಲು ಅದರ ವಾಸನೆ ಬಂತು. ಚಿಕ್ಕಬಳ್ಳಾಪುರದಲ್ಲಿ ಶಿಡ್ಲಘಟ್ಟದ ರಸ್ತೆಗೆ ಮುಖ ಮಾಡಿರುವ ನನ್ನ ಗ್ಯಾರೇಜಿನಲ್ಲಿ ಬೇರೊಂದು ಗಾಡಿಯ ಕೆಳಗೆ ಮಲಗಿದ್ದೆ. ಅರೆಬೆಂದ ಪೆಟ್ರೋಲಿನ ಘಾಟು ಮೂಗಿಗೆ ಹೊಡೆದ ಕೂಡಲೇ, ಅಂಗಳಕ್ಕೆ ಬರುತ್ತಿರುವ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚಾಗಿದೆ, ಗಾಳಿ ಸಾಲುತ್ತಿಲ್ಲ ಎಂದು ಗೊತ್ತಾಯಿತು. ನಮ್ಮ ಕಸುಬಿನಲ್ಲಿ ಇದಕ್ಕೆ ರಿಚ್ ಓಡುವುದು ಎನ್ನುತ್ತಾರೆ. ಹಾಗೆ ಓಡುವ ಗಾಡಿ ಮೊದಲು ಪ್ಲಗ್ಗುಗಳನ್ನು ಮಸಿ ಮಾಡುತ್ತದೆ, ಆಮೇಲೆ ಆಯಿಲ್ ಕೆಡಿಸುತ್ತದೆ, ಕೊನೆಗೆ ಎಂಜಿನ್ನನ್ನೇ ತಿನ್ನುತ್ತದೆ.

ಹೊರಗೆ ಬಂದು ನೋಡಿದರೆ ಊರ ತುಂಬ ಓಡಾಡುವಂಥದ್ದೇ ಒಂದು ಸಣ್ಣ ಕಾರು. ಬಾನೆಟ್ ಎತ್ತಿದಾಗ ಬೇರೆಯೇ ಪ್ರಪಂಚ. ಎಂಜಿನ್ನಿಗೆ ಒತ್ತಡದಲ್ಲಿ ಗಾಳಿ ತುಂಬುವ ಕಂಪನಿಯ ಟರ್ಬೊ ತೆಗೆದು ದೊಡ್ಡದೊಂದನ್ನು ಕೂರಿಸಿದ್ದರು; ಆ ಒತ್ತಡಕ್ಕೇ ಬೂಸ್ಟ್ ಎನ್ನುವುದು. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳೂ ದೊಡ್ಡವು. ಏರ್ ಫಿಲ್ಟರಿನ ಡಬ್ಬಿ ಕಿತ್ತುಹಾಕಿ, ಅದರ ಜಾಗದಲ್ಲಿ ಬಟ್ಟೆಯ ಪದರಗಳ ಕೋನ್ ಫಿಲ್ಟರನ್ನು ಬಯಲಿಗೇ ಬಿಟ್ಟಿದ್ದರು. ಬೆಂಗಳೂರಿನ ಟ್ಯೂನರ್ ಒಬ್ಬ ಇಸಿಯುಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ, ಹೊಸ ಲೆಕ್ಕ, ಅವರ ಮಾತಿನಲ್ಲಿ ಮ್ಯಾಪ್, ತುಂಬಿದ್ದ. ಗಾಳಿಗೂ ಪೆಟ್ರೋಲಿಗೂ ಇರುವ ಪ್ರಮಾಣ ತೋರಿಸುವ ಮೀಟರು ಸ್ಟೇರಿಂಗ್ ಪಕ್ಕದಲ್ಲಿತ್ತು; ಪೆಟ್ರೋಲ್ ಹೆಚ್ಚಾದರೆ ಅದರ ಅಂಕಿ ಇಳಿಯುತ್ತದೆ.

ಗಾಡಿಯವನನ್ನು ಇಲ್ಲಿ ತಮ್ಮ ಎಂದು ಕರೆಯುತ್ತೇನೆ, ಯಾಕೆಂದರೆ ಈ ಪ್ರಕರಣದಲ್ಲಿ ಒಬ್ಬ ಅಣ್ಣನೂ ಇದ್ದಾನೆ. ಸಾದಲಿಯ ಹತ್ತಿರದ ಹಳ್ಳಿ. ಗೌರಿಬಿದನೂರಿನ ಕಡೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಕೆಲಸ. ಮನೆಯಲ್ಲಿ ಅಣ್ಣ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುತ್ತಾನೆ. ಇಬ್ಬರೂ ಒಂದೇ ಮನೆ, ಒಂದೇ ಒಲೆ.

"ಆರಾಮಾಗಿ ಓಡ್ಸಿದ್ರೆ ಏನೂ ಇಲ್ಲ ಸಾರ್," ಎಂದ ತಮ್ಮ. "ಕಾಲು ಒತ್ತಿ ಬೂಸ್ಟ್ ಬಂತು ಅಂದ್ರೆ ಮುಕ್ಕರಿಸುತ್ತೆ. ಹಿಂದೆ ಕರಿ ಹೊಗೆ."

"ಯಾವಾಗಿಂದ?"

"ಈ ಬೆಳೆಗೆ ಚಾಕಿ ಹುಳ ತಂದಾಗಿಂದ."

ಚಾಕಿ ಎಂದರೆ ಎಳೆಯ ಹುಳ. ನಮ್ಮ ಕಡೆ ಕ್ಯಾಲೆಂಡರಿಗಿಂತ ಹುಳದ ವಯಸ್ಸಿನ ಲೆಕ್ಕವೇ ಖಚಿತ.

"ಅದಕ್ಕೆ ಮುಂಚೆ ಯಾರ ಹತ್ರ ಕೈ ಹಾಕ್ಸಿದ್ರಿ?"

"ಯಾರ ಹತ್ರಾನೂ ಇಲ್ಲ ಸಾರ್."

ನಾನು ನಂಬಲಿಲ್ಲ. ಗಾಡಿ ತಂದವರ ಮೊದಲ ಮಾತನ್ನು ನಾನು ಎಂದೂ ನಂಬಿದವನಲ್ಲ. ಆಯಿಲ್ ಮೊನ್ನೆ ತಾನೇ ಬದಲಾಯಿಸಿದ್ದು ಎನ್ನುತ್ತಾರೆ, ಬಿಚ್ಚಿದರೆ ಡಾಂಬರು ಸುರಿಯುತ್ತದೆ. ಹೊಸ ಪಾರ್ಟು ತಂದವನು ಒರಿಜಿನಲ್ ಎಂದು ಆಣೆ ಇಟ್ಟರೆ ನಾನು ಮೊದಲು ಡಬ್ಬಿಯ ಅಚ್ಚು ನೋಡುತ್ತೇನೆ. ನಿಮ್ಮ ಕಣ್ಣಿಗೆ ದೇವರೂ ಡೂಪ್ಲಿಕೇಟೇ ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ, ಈ ಕಸುಬಿನಲ್ಲಿ ನನ್ನನ್ನು ಉಳಿಸಿರುವುದು ಆ ಗುಣವೇ ಎಂದು ನಾನು ಬೀಗುತ್ತಿದ್ದೆ.

ತಮ್ಮ ಅಂಗಳದ ಆಚೆ ಈಚೆ ನೋಡಿ, ದನಿ ಇಳಿಸಿ ಹೇಳಿದ. "ರಿಪೇರಿಗಿಂತ ಮುಖ್ಯವಾಗಿ ನಂಗೆ ಒಂದು ಗೊತ್ತಾಗ್ಬೇಕು ಸಾರ್. ಇದು ತಾನಾಗೇ ಆಗಿದ್ದಾ, ಯಾರಾದ್ರೂ ಮಾಡಿದ್ದಾ?"

"ಯಾರ ಮೇಲೆ ನಿಮಗೆ ಅನುಮಾನ?"

"ನಮ್ಮಣ್ಣನ ಮೇಲೆ."

ಕಾರಣಗಳನ್ನು ಅವನು ಒಂದೊಂದಾಗಿ ಬಿಚ್ಚಿದ. ಅಣ್ಣನಿಗೆ ಈ ಗಾಡಿ ಕಂಡರಾಗದು. ಪೆಟ್ರೋಲಿನ ವಾಸನೆಗೆ ಹುಳ ಸೊಪ್ಪು ತಿನ್ನುವುದನ್ನೇ ಬಿಡುತ್ತದೆ ಎಂದು ಗಾಡಿಯನ್ನು ತೋಟದ ಆಚೆ ತುದಿಯಲ್ಲಿ ನಿಲ್ಲಿಸುವ ಹಾಗೆ ಮಾಡಿದ್ದ. ಸೊಪ್ಪಿನ ಮೇಲೆ ಮಸಿ ಕೂರುತ್ತದೆ ಎಂದು ಊರವರ ಮುಂದೆಯೇ ಬೈದಿದ್ದ. ಸಿಟ್ಟಿಗೆದ್ದ ತಮ್ಮ, ನನ್ನ ಗಾಡಿಯ ಸುದ್ದಿಗೆ ಬರಬೇಡ, ಅದನ್ನು ಮುಟ್ಟಲೂ ಬೇಡ ಎಂದಿದ್ದ. ಅಂದಿನಿಂದ ಇಬ್ಬರಿಗೂ ಅಷ್ಟಕ್ಕಷ್ಟೆ. ಹೀಗಿರುವಾಗ ಅಣ್ಣ ಬಾನೆಟ್ ಎತ್ತಿ ಬಗ್ಗಿ ನಿಂತಿದ್ದನ್ನು ಪಕ್ಕದ ತೋಟದವರು ನೋಡಿದ್ದರು.

"ನೀವು ಅವರನ್ನೇ ಕೇಳ್ಬೋದಿತ್ತಲ್ಲ," ಎಂದೆ.

"ಕೇಳಿದ್ರೆ ಇಲ್ಲ ಅಂತಾನೆ. ಕೈಯಲ್ಲಿ ಪುರಾವೆ ಇಟ್ಕೊಂಡು ಕೇಳ್ತೀನಿ. ಅವನೇ ಅಂತಾದ್ರೆ ನಾನು ಆ ಮನೇಲಿ ಇರಲ್ಲ ಸಾರ್. ಪಾಲು ತಗೊಂಡು ಬೇರೆ ಆಗ್ತೀನಿ."

ಇದು ಗ್ಯಾರೇಜಪ್ಪ, ಪೊಲೀಸ್ ಠಾಣೆಯಲ್ಲ ಎಂದು ಅವನನ್ನು ಅಲ್ಲಿಂದಲೇ ಕಳಿಸಬೇಕಿತ್ತು. ಬದಲಿಗೆ ನನಗೆ ಒಳಗೊಳಗೇ ಹುರುಪು ಬಂತು. ನನ್ನಂಥವನೇ ಇನ್ನೊಬ್ಬ ಸಿಕ್ಕ ಎನಿಸಿತು. ಬಿಟ್ಟು ಹೋಗಿ, ಕಂಡುಹಿಡಿದು ಹೇಳುತ್ತೇನೆ ಎಂದೆ. ಅವನು ಬಸ್ಸು ಹತ್ತಿ ಹೋದ.

ಮೊದಲು ಮೀಟರನ್ನೇ ಸಂಶಯಿಸಿದೆ. ಅದು ಸುಳ್ಳು ಹೇಳುತ್ತಿದ್ದರೆ ಮುಂದಿನ ಕೆಲಸವೆಲ್ಲ ದಂಡ. ಸೈಲೆನ್ಸರ್ ಪೈಪಿನಲ್ಲಿದ್ದ ಅದರ ಸೆನ್ಸರನ್ನು ಬಿಚ್ಚಿ, ಬಯಲ ಗಾಳಿಯಲ್ಲಿ ಹಿಡಿದು ಅಳತೆ ಸರಿಪಡಿಸಿದೆ. ನನ್ನದೇ ಸೆನ್ಸರ್ ಹಾಕಿಯೂ ನೋಡಿದೆ. ಎರಡೂ ಒಂದೇ ಮಾತು ಹೇಳಿದವು: ನಿಂತಲ್ಲಿ ಸರಿ, ನಿಧಾನಕ್ಕೆ ಓಡಿಸಿದರೆ ಸರಿ, ಬೂಸ್ಟ್ ಏರಿದರೆ ಪೆಟ್ರೋಲು ವಿಪರೀತ. ಪ್ಲಗ್ಗುಗಳು ಒಲೆಯ ಬಾಯಿಯಷ್ಟು ಕಪ್ಪಾಗಿದ್ದವು. ಆಯಿಲ್ ಕಡ್ಡಿ ಮೂಸಿದರೆ ಪೆಟ್ರೋಲಿನ ವಾಸನೆ. ತೆಳುವಾದ ಆಯಿಲಿನಲ್ಲಿ ಟರ್ಬೊ ತಿರುಗಿದರೆ ಅದರ ಬೇರಿಂಗ್ ಹೋಗುತ್ತದೆ. ಆದ್ದರಿಂದ ಬೇರೆ ಯಾವುದಕ್ಕೂ ಮೊದಲು ಆಯಿಲ್, ಪ್ಲಗ್ ಎರಡನ್ನೂ ಬದಲಾಯಿಸಿದೆ.

ಆಮೇಲೆ ಟ್ಯೂನರ್‌ನ ಮೇಲೆ ಸಂಶಯ. ಫೋನ್ ಮಾಡಿದೆ.

"ಮ್ಯಾಪ್ ಪರ್ಫೆಕ್ಟಾಗಿದೆ ಬಾಸ್," ಎಂದ ಅವನು. "ನಿಮ್ ಕಡೆ ಪೆಟ್ರೋಲ್ ಕ್ವಾಲಿಟಿ ಸರಿ ಇರಲ್ಲ, ಅಷ್ಟೆ."

ನಮ್ಮ ಕಡೆ ಎಂದದ್ದು ನನಗೆ ಉರಿಯಿತು. ಬೆಂಗಳೂರಿನಿಂದ ನಂದಿಬೆಟ್ಟ ನೋಡಲು ಬರುವವರೆಲ್ಲ ನಮ್ಮ ಬಂಕುಗಳಲ್ಲೇ ಪೆಟ್ರೋಲ್ ಹಾಕಿಸಿಕೊಂಡು ಹೋಗುತ್ತಾರೆ, ಅವರ್ಯಾರೂ ದಾರಿಯಲ್ಲಿ ಮುಕ್ಕರಿಸುವುದಿಲ್ಲ. ಆದರೂ ಗಾಜಿನ ಬಾಟಲಿಗೆ ಸ್ವಲ್ಪ ಪೆಟ್ರೋಲ್ ಇಳಿಸಿ ಬಿಸಿಲಿಗೆ ಹಿಡಿದು ನೋಡಿದೆ. ನೀರಿಲ್ಲ, ಕಸವಿಲ್ಲ. ಟ್ಯಾಂಕ್ ಖಾಲಿ ಮಾಡಿ ಬೇರೆ ಬಂಕಿನದ್ದು ತುಂಬಿಸಿದರೂ ಹೊಗೆ ಹಾಗೆಯೇ ಇತ್ತು. ಅವನ ಮಾತು ಸುಳ್ಳೆಂದು ಸಾಬೀತಾದದ್ದೇ ನನಗೆ ಆ ದಿನದ ಸಂತೋಷ.

ಟರ್ಬೊ ಗಾಡಿ ರಿಚ್ ಓಡಿದರೆ ಎಲ್ಲರಿಗೂ ಮೊದಲು ಹೊಳೆಯುವ ಕಾರಣ ಸೋರಿಕೆ. ಫಿಲ್ಟರಿನ ಹಿಂದೆ, ಪೈಪಿನೊಳಗೆ, ಒಂದು ಸಣ್ಣ ಸೆನ್ಸರ್ ಕೂತು ಒಳಗೆ ಹೋಗುವ ಗಾಳಿಯನ್ನು ಎಣಿಸುತ್ತದೆ. ಅದು ಎಣಿಸಿದಷ್ಟಕ್ಕೆ ಇಸಿಯು ಪೆಟ್ರೋಲ್ ಹಾಕುತ್ತದೆ. ಎಣಿಸಿದ ಗಾಳಿ ನಡುದಾರಿಯಲ್ಲಿ ಸೋರಿಹೋದರೆ ಪೆಟ್ರೋಲ್ ಹೆಚ್ಚಾಗುತ್ತದೆ. ನಿಧಾನಕ್ಕೆ ಓಡುವಾಗ ಸೈಲೆನ್ಸರಿನ ಸೆನ್ಸರ್ ಈ ತಪ್ಪನ್ನು ಇಸಿಯುಗೆ ಹೇಳಿ ತಿದ್ದಿಸುತ್ತದೆ. ಬೂಸ್ಟ್ ಏರಿದ ಮೇಲೆ ಇಸಿಯು ಅದರ ಮಾತು ಕೇಳುವುದಿಲ್ಲ, ತನ್ನ ಲೆಕ್ಕದಂತೆ ಸುರಿಯುತ್ತದೆ.

ಟರ್ಬೊದ ಬಾಯಿಯ ಹತ್ತಿರ ರಬ್ಬರ್ ಪೈಪ್ ಬಿಚ್ಚಿ, ಅಲ್ಲಿಗೆ ಬಿರಡೆ ಹಾಕಿ ಕಂಪ್ರೆಸರಿನ ಗಾಳಿ ತುಂಬಿಸಿ, ಸೋಪಿನ ನೀರು ಸಿಂಪಡಿಸಿದೆ. ಗಾಳಿ ತಣಿಸುವ ಇಂಟರ್‌ಕೂಲರಿನ ಕೆಳಗಿನ ಜೋಡಣೆಯಲ್ಲಿ ನೊರೆ ಎದ್ದಿತು. ಸಿಕ್ಕಿತಲ್ಲ ಎಂದುಕೊಂಡೆ. ಸ್ಕ್ರೂ ಬಿಗಿ ಮಾಡಿ, ಮರುದಿನ ಬೆಳಗ್ಗೆ ಗೌರಿಬಿದನೂರು ರಸ್ತೆಯ ಏರಿಗೆ ತಗೊಂಡು ಹೋದೆ. ಮೂರನೇ ಗೇರಿನಲ್ಲಿ ಕಾಲು ಒತ್ತಿದೆ. ಬೂಸ್ಟ್ ಬಂತು, ಮೀಟರಿನ ಅಂಕಿ ದಡದಡ ಇಳಿಯಿತು, ಗಾಡಿ ಮುಕ್ಕರಿಸಿತು. ಹಿಂದೆ ಬರುತ್ತಿದ್ದ ಹಾಲಿನ ಬೈಕಿನವನು ಕೆಮ್ಮುತ್ತಾ ಪಕ್ಕಕ್ಕೆ ಬಂದು, "ಏನಣ್ಣ, ಟೈರ್ ಸುಡ್ತಿದೀಯಾ?" ಎಂದು ಕೇಳಿ ಮುಂದೆ ಹೋದ. ನನಗೆ ನಗು ಬರಲಿಲ್ಲ.

ಆಮೇಲಿನ ದಿನಗಳು ಹೀಗೆಯೇ ಹೋದವು. ಪೆಟ್ರೋಲಿನ ಒತ್ತಡ ಅಳೆದೆ, ಸರಿಯಿತ್ತು. ಇಂಜೆಕ್ಟರುಗಳನ್ನು ಹೊರತೆಗೆದು ಒತ್ತಡದಲ್ಲಿ ಇಟ್ಟು ತೊಟ್ಟಿಕ್ಕುತ್ತವೆಯೇ ಎಂದು ಕಾದು ಕೂತೆ, ಒಂದು ಹನಿಯೂ ಬೀಳಲಿಲ್ಲ. ಟ್ಯಾಂಕಿನ ಆವಿ ಎಂಜಿನ್ನಿಗೆ ಬರುವ ಪೈಪನ್ನು ಹಿಚುಕಿ ಕಟ್ಟಿದೆ, ಏನೂ ವ್ಯತ್ಯಾಸ ಕಾಣಲಿಲ್ಲ. ಪ್ರತಿಯೊಂದರಲ್ಲೂ ಕಳ್ಳ ಸಿಗುತ್ತಾನೆ ಎಂದುಕೊಂಡೇ ಕೈ ಹಾಕುತ್ತಿದ್ದೆ, ಪ್ರತಿಯೊಂದೂ ಸಾಚಾ ಎಂದು ತೋರಿಸಿ ನನ್ನ ಮುಖಕ್ಕೆ ಹೊಡೆಯುತ್ತಿತ್ತು.

ಮನುಷ್ಯರ ಕೈಯನ್ನು ನಾನು ಮರೆತಿರಲಿಲ್ಲ. ಟ್ಯೂನರ್ ತನ್ನ ಕೆಲಸ ಮುಗಿಸಿದ ಮೇಲೆ ಪೈಪು ಬಿಗಿಯುವ ಪ್ರತಿ ಕ್ಲ್ಯಾಂಪಿನ ಸ್ಕ್ರೂ ಮೇಲೂ ಅಡ್ಡಲಾಗಿ ಹಳದಿ ಬಣ್ಣದ ಗೆರೆ ಎಳೆದಿದ್ದ. ಯಾರಾದರೂ ಸ್ಕ್ರೂ ತಿರುಗಿಸಿದರೆ ಗೆರೆ ಮುರಿಯುತ್ತದೆ. ಟಾರ್ಚ್ ಹಿಡಿದು ಒಂದೊಂದನ್ನೂ ನೋಡಿದ್ದೆ. ನಾನು ಬಿಚ್ಚಿದ್ದನ್ನು ಬಿಟ್ಟರೆ ಎಲ್ಲ ಗೆರೆಗಳೂ ನೆಟ್ಟಗಿದ್ದವು, ಫಿಲ್ಟರಿನ ಕ್ಲ್ಯಾಂಪಿನದ್ದು ಕೂಡ. ಸರಿ, ಅಲ್ಲಿ ಯಾರೂ ಮುಟ್ಟಿಲ್ಲ ಎಂದು ಬಿಟ್ಟೆ. ಯಾರನ್ನೂ ನಂಬದ ನಾನು ಒಂದು ಬಣ್ಣದ ಗೆರೆಯನ್ನು ನಂಬಿದ್ದೆ.

ಕೊನೆಗೆ ಲ್ಯಾಪ್‌ಟಾಪ್ ಜೋಡಿಸಿ, ಏರಿನಲ್ಲಿ ಓಡಿಸುತ್ತಾ ಎಲ್ಲ ಸೆನ್ಸರುಗಳ ಅಂಕಿಗಳನ್ನೂ ತುಂಬಿಸಿಕೊಂಡೆ. ಟ್ಯೂನರ್‌ನನ್ನು ಬೈದು, ರಮಿಸಿ, ಅವನು ಕೆಲಸ ಮಾಡಿದ ದಿನದ ಅಂಕಿಗಳನ್ನೂ ಮ್ಯಾಪಿನ ಫೈಲನ್ನೂ ತರಿಸಿಕೊಂಡೆ. ಗಾಡಿಯೊಳಗಿನ ಮ್ಯಾಪು, ಅವನು ಕಳಿಸಿದ್ದು, ಎರಡೂ ಅಕ್ಷರಶಃ ಒಂದೇ ಆಗಿದ್ದವು. ಅವನ ಮೇಲಿನ ಸಂಶಯ ಅಲ್ಲಿಗೆ ಬಿತ್ತು. ಅದು ಬಿದ್ದದ್ದಕ್ಕೆ ನನಗೆ ಬೇಸರವಾಯಿತು ಎಂದರೆ ನನ್ನ ಬುದ್ಧಿ ಎಂಥದ್ದೆಂದು ನೀವೇ ಊಹಿಸಿಕೊಳ್ಳಿ.

ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಅದೇ ವೇಗ, ಅದೇ ಬೂಸ್ಟ್, ಹೆಚ್ಚುಕಡಿಮೆ ಅದೇ ಬಿಸಿ. ಆದರೆ ಗಾಳಿ ಎಣಿಸುವ ಸೆನ್ಸರ್ ಈಗ ಹೇಳುತ್ತಿದ್ದ ಅಂಕಿ ಹಳೆಯದಕ್ಕಿಂತ ಬಹಳ ಹೆಚ್ಚು. ಎಂಜಿನ್ ಬೆಳೆದಿಲ್ಲ, ಟರ್ಬೊ ಬದಲಾಗಿಲ್ಲ. ಅಷ್ಟು ಗಾಳಿಯನ್ನು ಈ ಎಂಜಿನ್ ಕುಡಿಯುವುದು ಸಾಧ್ಯವೇ ಇಲ್ಲ. ಕುಡಿಯದ ಗಾಳಿಗೆ ಲೆಕ್ಕ ಬರೆಯಲಾಗುತ್ತಿದೆ, ಆ ಲೆಕ್ಕಕ್ಕೆ ಪೆಟ್ರೋಲ್ ಸುರಿಯುತ್ತಿದೆ. ಸೆನ್ಸರನ್ನು ಪಕ್ಕದಿಂದ ಕಳಚಿ, ಅದೇ ಜಾತಿಯ ಇನ್ನೊಂದನ್ನು ಬೇರೆ ಗಾಡಿಯಿಂದ ತಂದು ಹಾಕಿದೆ. ಅದೂ ಅದೇ ಸುಳ್ಳನ್ನು ಹೇಳಿತು.

ಆ ಸಂಜೆ ತಮ್ಮ ಫೋನ್ ಮಾಡಿದ. "ಏನಾದ್ರೂ ಗೊತ್ತಾಯ್ತಾ ಸಾರ್?"

ಅವತ್ತು ನನಗೆ ತಲೆ ಕೆಟ್ಟಿತ್ತು. ಇಷ್ಟು ದಿನ ಹುಡುಕಿಯೂ ಸಿಗಲಿಲ್ಲ ಎಂದು ಹೇಳಲು ನಾಲಗೆ ಏಳಲಿಲ್ಲ. "ಗಾಡಿ ತಾನಾಗೇ ಕೆಟ್ಟಿಲ್ಲ," ಎಂದೆ. "ಯಾರದೋ ಕೈ ಆಡಿದೆ. ಎಲ್ಲಿ ಅಂತ ಇನ್ನೂ ಗೊತ್ತಾಗ್ಬೇಕು."

"ಅಷ್ಟು ಸಾಕು ಸಾರ್," ಎಂದು ಫೋನ್ ಇಟ್ಟುಬಿಟ್ಟ.

ಮರುದಿನ ಬೆಳಗ್ಗೆ ಗ್ಯಾರೇಜಿಗೆ ಬಂದವನು ಟೀ ಕೂಡ ಕುಡಿಯದೆ ಬಾನೆಟ್ ಎತ್ತಿದೆ. ಎರಡು ಸೆನ್ಸರುಗಳು ಒಂದೇ ಸುಳ್ಳು ಹೇಳಿದರೆ ತಪ್ಪು ಸೆನ್ಸರಿನದ್ದಲ್ಲ, ಅದರ ಮುಂದೆ ಬರುವ ಗಾಳಿಯದ್ದು. ಗಾಳಿ ಬರುವ ದಾರಿಯಲ್ಲಿ ಇರುವುದು ಫಿಲ್ಟರ್ ಒಂದೇ. ಅದರ ಕ್ಲ್ಯಾಂಪಿನ ಸ್ಕ್ರೂಗೆ ಟಾರ್ಚ್ ಹಿಡಿದೆ. ಹಳದಿ ಗೆರೆ ಕೂದಲೆಳೆಯಷ್ಟೂ ಜರುಗಿರಲಿಲ್ಲ. ಆದರೆ ಸ್ಕ್ರೂ ತಲೆಯ ಸೀಳಿನೊಳಗೆ ಲೋಹ ಬೆಳ್ಳಗೆ ಹೊಳೆಯುತ್ತಿತ್ತು. ಹೊಸ ಗೀರು. ಯಾರೋ ಬಿಚ್ಚಿ, ಮತ್ತೆ ಗೆರೆಗೆ ಗೆರೆ ಕೂಡಿಸಿ ಬಿಗಿದಿದ್ದರು.

ಫಿಲ್ಟರನ್ನು ಎಳೆದು ತೆಗೆದೆ. ಪೈಪಿನ ಬಾಯಿಗೆ ಬಿಳಿಯ ನೈಲಾನ್ ಬಲೆ ಕಟ್ಟಿತ್ತು.

ಈ ತಾಲ್ಲೂಕುಗಳಲ್ಲಿ ಅದು ಏನೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಊಜಿ ಬಲೆ. ಊಜಿ ನೊಣ ರೇಷ್ಮೆ ಹುಳದ ಮೈಮೇಲೆ ಮೊಟ್ಟೆ ಇಟ್ಟರೆ ಹುಳದ ಕಥೆ ಮುಗಿದಂತೆ. ಅದಕ್ಕೇ ಹುಳ ಸಾಕುವ ಮನೆಯ ಕಿಟಕಿ, ಬಾಗಿಲು, ಗಾಳಿಗಂಡಿ ಯಾವುದನ್ನೂ ಬಲೆಯಿಲ್ಲದೆ ಬಿಡುವುದಿಲ್ಲ. ಇಲ್ಲಿ ಅದನ್ನು ಎರಡು ಮಡಿಕೆ ಮಾಡಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಪೈಪಿಗೆ ಬಿಗಿದಿದ್ದರು. ವರ್ಕ್‌ಶಾಪಿನ ಹೀರುವ ಬ್ಲೋವರ್ ತಂದು ಪೈಪಿನ ಹಿಂಬದಿಗೆ ಹಿಡಿದೆ. ನಿಧಾನಕ್ಕೆ ಹೀರಿದಾಗ ಬಲೆ ಸಪಾಟಾಗಿಯೇ ಇತ್ತು. ಜೋರು ಮಾಡಿದಾಗ ಅದು ಚೀಲದಂತೆ ಒಳಕ್ಕೆ ಜಗ್ಗಿ ಸೆನ್ಸರಿನ ಮೂಗಿನವರೆಗೂ ಹೋಯಿತು. ಅಂಚಿನಲ್ಲಿ ಮಡಿಕೆಗಳು ಮುದುಡಿ ಗಾಳಿಯೆಲ್ಲ ನಡುವಿನಲ್ಲೇ ನುಗ್ಗುತ್ತಿತ್ತು. ನಡುವಿನಲ್ಲೇ ಕೂತ ಸೆನ್ಸರ್ ಆ ರಭಸ ನೋಡಿ ಪೈಪಿನ ತುಂಬ ಅಷ್ಟೇ ಗಾಳಿ ಬರುತ್ತಿದೆ ಎಂದು ಎಣಿಸುತ್ತಿತ್ತು. ಬ್ಲೋವರ್ ನಿಲ್ಲಿಸಿದರೆ ಬಲೆ ಮತ್ತೆ ಸಾಧು.

ಬಲೆ ಇಲ್ಲದೆ ಏರಿಗೆ ಹೋದೆ. ಮೀಟರಿನ ಅಂಕಿ ಇರಬೇಕಾದಲ್ಲೇ ನಿಂತಿತು, ಕನ್ನಡಿಯಲ್ಲಿ ಹೊಗೆ ಕಾಣಲಿಲ್ಲ, ಗಾಡಿ ನನ್ನನ್ನು ಸೀಟಿಗೆ ಒತ್ತಿ ಹಿಡಿದು ಎಳೆಯಿತು. ಆದರೂ ಸಮಾಧಾನವಿಲ್ಲ. ರಸ್ತೆಬದಿಯಲ್ಲಿ ನಿಲ್ಲಿಸಿ ಬಲೆಯನ್ನು ಮತ್ತೆ ಕಟ್ಟಿ ಓಡಿಸಿದೆ, ಹೊಗೆ ಬಂತು. ಮತ್ತೆ ತೆಗೆದೆ, ಹೋಯಿತು. ಆಗ ನಂಬಿದೆ.

ತಮ್ಮ ಕೇಳಿದ್ದ ಪುರಾವೆ ನನ್ನ ಕೈಯಲ್ಲಿತ್ತು. ಗೆರೆ ಕೂಡಿಸಿ ಮುಚ್ಚಿಟ್ಟ ಕೆಲಸ, ಹುಳದ ಮನೆಯ ಬಲೆ. ಅಣ್ಣನೇ ಎನ್ನಲು ಇನ್ನೇನು ಬೇಕು? ಫೋನ್ ತೆಗೆದು ತಮ್ಮನ ನಂಬರನ್ನೂ ಒತ್ತಲು ಹೋದೆ. ಅಷ್ಟರಲ್ಲಿ ಬಲೆಯ ಅಂಚು ಬೆರಳಿಗೆ ಸಿಕ್ಕಿತು. ಎಳೆ ಬಿಚ್ಚಿಕೊಳ್ಳದ ಹಾಗೆ ಅಂಚನ್ನು ಮಡಿಸಿ, ಸಣ್ಣ ಸಣ್ಣ ಹೊಲಿಗೆ ಹಾಕಿದ್ದರು. ಒಂದು ನೂಲು ಹರಿದು ಒಳಗೆ ಹೋದರೂ ಟರ್ಬೊದ ರೆಕ್ಕೆಗೆ ಅಪಾಯ ಎಂದು ತಿಳಿದವರ ಎಚ್ಚರಿಕೆ ಅದು. ಗಾಡಿ ಹಾಳು ಮಾಡಬೇಕೆಂದವನು ಒಂದು ಹಿಡಿ ಮಣ್ಣು ಸುರಿದಿದ್ದರೆ ಸಾಕಿತ್ತು. ಕೂತು ಹೊಲಿಯುವ ಉಸಾಬರಿ ಅವನಿಗೇಕೆ?

ಇಷ್ಟಾದರೂ ನನ್ನ ಬುದ್ಧಿ ಬಿಡಲಿಲ್ಲ. ಸಿಕ್ಕಿಬಿದ್ದರೆ ತಪ್ಪಿಸಿಕೊಳ್ಳಲು ಹೊಲಿದಿರಬಹುದು ಎಂದೂ ಹೇಳಿತು. ಆದರೆ ಒಂದು ಮನೆ ಒಡೆಯುವ ಮಾತನ್ನು ಫೋನಿನಲ್ಲಿ ಆಡಲು ಹೆದರಿಕೆಯಾಯಿತು. ತಮ್ಮನಿಗೆ ಹೇಳುವ ಮೊದಲು ಅಣ್ಣನ ಮುಖ ನೋಡಬೇಕು ಎಂದು ತೀರ್ಮಾನಿಸಿದೆ. ಫೋನ್ ಜೇಬಿಗೆ ಹಾಕಿ, ಬಲೆಯನ್ನು ಕವರಿನಲ್ಲಿಟ್ಟು, ಗಾಡಿಯನ್ನು ಶಿಡ್ಲಘಟ್ಟದ ಮೇಲೆ ದಿಬ್ಬೂರಹಳ್ಳಿ ದಾಟಿಸಿ ಸಾದಲಿಯ ಕಡೆಗೆ ಬಿಟ್ಟೆ.

ತೋಟದ ಆಚೆ ತುದಿಯಲ್ಲೇ ನಿಲ್ಲಿಸಿ ನಡೆದುಕೊಂಡು ಹೋದೆ. ಹುಳದ ಮನೆಯ ಮುಂದೆ ಗಡಿಬಿಡಿ. ಮೇಯುವುದು ಮುಗಿದು ಹುಳ ಹಣ್ಣಾಗಿತ್ತು. ಹಣ್ಣಾದ ಹುಳವನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ತಡಮಾಡದೆ ಬಿಡಬೇಕು. ತಡವಾದರೆ ಸಿಕ್ಕಲ್ಲೇ ನೂಲು ಬಿಟ್ಟು ಬೆಳೆಯೆಲ್ಲ ವ್ಯರ್ಥ. ಅಕ್ಕಪಕ್ಕದ ಮನೆಯ ಹೆಂಗಸರು ತೆಲುಗಿನಲ್ಲಿ ಮಾತಾಡುತ್ತಾ ಆಗಲೇ ಒಳಗೆ ಕೂತಿದ್ದರು. ಬಾಗಿಲಲ್ಲಿ ನಿಂತಿದ್ದ ಲುಂಗಿಯ ಮನುಷ್ಯ ನನ್ನನ್ನು ನೋಡುತ್ತಲೇ ಕೈ ಅಡ್ಡ ಹಿಡಿದ.

"ಅಲ್ಲೇ ನಿಂತ್ಕೊಳಿ ಸ್ವಾಮಿ. ಪೆಟ್ರೋಲ್ ವಾಸ್ನೆ ಬರ್ತಿದೆ. ಯಾರು ತಾವು?"

ಅವನೇ ಅಣ್ಣ. ನಾನು ನಿಮ್ಮ ತಮ್ಮನ ಗಾಡಿ ನೋಡುತ್ತಿರುವ ಮೆಕ್ಯಾನಿಕ್ ಎಂದೆ. ಏನೂ ಪೀಠಿಕೆ ಹಾಕದೆ ಬಲೆ ತೆಗೆದು ತೋರಿಸಿದೆ, ಕಣ್ಣು ಅವನ ಮುಖದ ಮೇಲೆಯೇ ಇಟ್ಟುಕೊಂಡು. ಬೆಚ್ಚುತ್ತಾನೆ, ಇಲ್ಲ ಎನ್ನುತ್ತಾನೆ, ನನ್ನದಲ್ಲ ಎನ್ನುತ್ತಾನೆ ಎಂದು ಕಾಯುತ್ತಿದ್ದೆ.

"ಅಯ್ಯೋ, ಅದ್ಯಾಕೆ ಬಿಚ್ಚಿದ್ರಿ?" ಎಂದ ಅವನು. "ಹಂಗೇ ಓಡ್ಸಿಕೊಂಡು ಬಂದ್ರಾ? ಒಳಗೆ ನೊಣ ಗಿಣ ಹೋದ್ರೆ?"

ಅವನೇ ಮುಂದುವರಿಸಿದ.

"ಈ ದಾರಿ ನೋಡಿದೀರಲ್ಲ, ಬರೀ ಧೂಳು. ಆ ಫಿಲ್ಟ್ರು ಕೆಂಪಗಾಗಿತ್ತು. ಇವನು ಡ್ಯೂಟಿ ಮುಗಿಸಿ ಬಂದು ಮಲಗಿಬಿಡ್ತಾನೆ, ನೋಡಲ್ಲ. ಒರೆಸಿಡಣ ಅಂತ ಬಿಚ್ಚಿದೆ. ಬಿಚ್ಚಿದ್ರೆ ಹಿಂದೆ ದೊಡ್ಡ ಬಾಯಿ, ಒಂದು ಬಲೆ ಬೇಡ್ವಾ ಸ್ವಾಮಿ? ಗಾಳಿ ಹೋಗೋ ಗಂಡಿಗೆ ಬಲೆ ಇಲ್ದೆ ಯಾರಾದ್ರೂ ಬಿಡ್ತಾರಾ? ಹೊರಗೆ ಕಟ್ಟಿದ್ರೆ ಅವನು ನೋಡಿ ಕಿತ್ತು ಬಿಸಾಕ್ತಾನೆ, ಮುಟ್ಟಬೇಡ ಅಂದಿದಾನಲ್ಲ. ಅದಕ್ಕೇ ಒಳಗೆ ಕಟ್ಟಿ, ಹಳದಿ ಗೆರೆ ಸರಿಯಾಗಿ ಕೂಡ್ಸಿ ಇಟ್ಟೆ."

ಸಂಶಯಪಡಲು ನನಗೆ ಅಲ್ಲಿ ಒಂದು ಎಳೆಯೂ ಸಿಗಲಿಲ್ಲ. ನಾಚಿಕೆಯಾಯಿತು. ಆದರೆ ನಿಜ ಹೇಳಲೇಬೇಕಿತ್ತು. ಬಲೆ ಹೇಗೆ ಒಳಕ್ಕೆ ಜಗ್ಗುತ್ತದೆ, ಲೆಕ್ಕ ಹೇಗೆ ತಪ್ಪುತ್ತದೆ, ಹೊಗೆ ಯಾಕೆ ಬಂತು ಎಂದು ತಿಳಿಯುವ ಹಾಗೆ ಹೇಳಿದೆ. ಅವನ ಮುಖ ಇಳಿಯುತ್ತಾ ಹೋಯಿತು.

"ಅಂದ್ರೆ ಹೊಗೆ ಬಂದಿದ್ದು ನನ್ನಿಂದಾನಾ?"

"ಹೌದು. ಆದ್ರೆ ನೀವು ಬೇಕಂತ ಮಾಡಿದ್ದಲ್ಲ."

"ನಾನು ಮಾಡ್ದೆ ಅಂತ ಅವನಿಗೆ ಗೊತ್ತಾ?"

"ನಿಮ್ಮ ಮೇಲೆ ಅನುಮಾನ ಇತ್ತು. ನಿನ್ನೆ ಸಂಜೆ ನಾನೇ ಯಾರದೋ ಕೈ ಆಡಿದೆ ಅಂದೆ."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ನಿನ್ನೆ ಊಟಕ್ಕೆ ಕೂತಾಗ ಪಾಲು ಕೇಳಿದ," ಎಂದ. "ಯಾಕೋ ಅಂತ ಕೇಳಿದೆ. ನಿಂಗೇ ಗೊತ್ತು ಅಂದ. ರಾತ್ರಿಯೆಲ್ಲ ಯೋಚ್ನೆ ಮಾಡಿದೆ, ನಾನೇನು ಮಾಡಿದೀನಿ ಅಂತ. ಬೆಳಗ್ಗೆ ಆಯ್ತಪ್ಪ ಅಂದ್ಬಿಟ್ಟೆ. ಹುಳ ಚಂದ್ರಿಕೆ ಹತ್ತಲಿ, ಹಿರೇರನ್ನ ಕರೆಸ್ತೀನಿ ಅಂದೆ. ಹಂಗೇ ಡ್ಯೂಟಿಗೆ ಹೋದ. ಹುಳ ಹಣ್ಣಾಗಿದೆ ಬಾ ಅಂತ ಫೋನ್ ಮಾಡಿದೀನಿ. ಬರ್ತಾನೋ ಇಲ್ವೋ."

ನನ್ನ ಒಂದು ಮಾತು ಎಲ್ಲಿಗೆ ಹೋಗಿ ನಿಂತಿತ್ತು ಎಂದು ಆಗ ಅರ್ಥವಾಯಿತು. ಕಂಡುಹಿಡಿಯಲಾಗಲಿಲ್ಲ ಎನ್ನುವುದನ್ನು ಮುಚ್ಚಿಕೊಳ್ಳಲು ಆಡಿದ ಮಾತು ಅದು. ಕಾಲು ಅಲ್ಲಿಂದ ಕೀಳಲಿಲ್ಲ. ಮನೆಯ ಜಗಲಿಯ ಮೇಲೆ ಕೂತು ಕಾದೆ.

ತಮ್ಮ ಬಂದ. ಯಾರದೋ ಬೈಕಿನಿಂದ ಇಳಿದವನು ತೋಟ ದಾಟಿ ಬರುವಾಗಲೇ ತನ್ನ ಗಾಡಿ ನೋಡಿದ್ದ. ಜಗಲಿಯ ಮೇಲೆ ನನ್ನನ್ನು, ನನ್ನ ಪಕ್ಕದ ಬಲೆಯನ್ನು ನೋಡಿ ನಿಂತ. ಬಲೆಯನ್ನು ಎತ್ತಿಕೊಂಡ.

"ಇದೇನಾ ಸಾರ್?"

"ಇದೇ. ಫಿಲ್ಟರ್ ಹಿಂದೆ ಇತ್ತು."

"ನಾನು ಹೇಳ್ಲಿಲ್ವಾ," ಎಂದು ಅವನು ಹುಳದ ಮನೆಯ ಕಡೆ ತಿರುಗಿದ. ನಾನು ಅವನ ತೋಳು ಹಿಡಿದೆ.

"ಮೊದ್ಲು ಆ ಅಂಚು ನೋಡಿ. ನೋಡಿ ಆಮೇಲೆ ಮಾತಾಡಿ. ನಿನ್ನೆ ನಾನು ಆಡಿದ್ದು ಗೊತ್ತಿಲ್ಲದೆ ಆಡಿದ ಮಾತು. ನೊಣ ಹೋಗಬಾರ್ದು ಅಂತ ಕಟ್ಟಿದಾರೆ ನಿಮ್ಮಣ್ಣ. ನಿಮ್ಮ ಗಾಡಿ ಹಾಳಾಗ್ಲಿ ಅಂತಲ್ಲ, ಉಳೀಲಿ ಅಂತ."

ಅವನು ನಂಬಲಿಲ್ಲ. ಕಣ್ಣಿನಲ್ಲೇ ಗೊತ್ತಾಯಿತು, ಅವನ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ಬಲೆಯ ಅಂಚನ್ನು ಬೆರಳಲ್ಲಿ ಸುತ್ತಲೂ ಸವರಿದ. ಒಂದು ಕಡೆ ಹೊಲಿಗೆ ಎರಡು ಬಾರಿ ಹಾಕಿತ್ತು, ಅಲ್ಲಿ ಸ್ವಲ್ಪ ಹೊತ್ತು ಬೆರಳು ನಿಂತಿತು.

ಅಷ್ಟರಲ್ಲಿ ಅಣ್ಣ ಬಾಗಿಲಿಗೆ ಬಂದ. ತಮ್ಮ ಬಲೆ ಎತ್ತಿ ಹಿಡಿದು ಕೇಳಿದ, "ಕಟ್ದೋನು ಯಾಕೆ ಹೇಳ್ಲಿಲ್ಲ?"

"ನೀನು ಮುಟ್ಟಬೇಡ ಅಂದಿದ್ದೆ. ನಾನು ಮುಟ್ಟಿದ್ದೆ. ಏನಂತ ಹೇಳ್ಲಿ," ಎಂದ ಅಣ್ಣ. "ನೀನಾದ್ರೂ ಕೇಳ್ಬೋದಿತ್ತು ಕಣೋ."

ಒಳಗಿನಿಂದ ಹೆಂಗಸೊಬ್ಬಳು ಚಂದ್ರಿಕೆ ಸಾಲದು ಎಂದು ಕೂಗಿದಳು. ಅಣ್ಣ ಒಳಗೆ ಹೋದ. ತಮ್ಮ ಬಲೆಯನ್ನು ಮಡಿಸಿ ಜೇಬಿಗಿಟ್ಟು, ಬಚ್ಚಲಿಗೆ ಹೋಗಿ ಸೋಪು ಹಾಕಿ ಮೊಣಕೈವರೆಗೂ ತೊಳೆದು, ಅಂಗಿ ಬದಲಾಯಿಸಿ ಬಂದ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನ ತಟ್ಟೆಯಲ್ಲಿ ಕಾಲು ಅದ್ದಿ ಒಳಗೆ ಹೋದ. ನನ್ನ ಮೈಯೆಲ್ಲ ಪೆಟ್ರೋಲು, ನನಗೆ ಒಳಗೆ ಪ್ರವೇಶವಿಲ್ಲ. ಕಿಟಕಿಯ ಆಚೆ ನಿಂತು ನೋಡಿದೆ.

ಅಣ್ಣನ ಎದುರಿಗೆ ತಮ್ಮ ಕುಕ್ಕರಗಾಲಲ್ಲಿ ಕೂತ. ನಡುವೆ ಸೊಪ್ಪಿನ ಮೇಲೆ ಹಳದಿಗೆ ತಿರುಗಿದ ಹುಳಗಳು ತಲೆ ಎತ್ತಿ ಜಾಗ ಹುಡುಕುತ್ತಿದ್ದವು. ಇಬ್ಬರೂ ಆರಿಸತೊಡಗಿದರು. ಒಂದು ಚಂದ್ರಿಕೆ ತುಂಬಿತು, ಇನ್ನೊಂದು ತಂದಿಟ್ಟರು.

"ಹಿರೇರನ್ನ ಕರೆಸ್ಬೇಡ," ಎಂದ ತಮ್ಮ, ತಲೆ ಎತ್ತದೆ.

ಅಣ್ಣ ಅವನ ಕೈಯನ್ನೇ ನೋಡುತ್ತಿದ್ದ. "ಮೆತ್ತಗೆ ಹಿಡ್ಕೊಳೋ," ಎಂದ. "ನೂಲು ಬಿಡೋ ಹೊತ್ತಲ್ಲಿ ಅಮುಕಬಾರ್ದು."

ತಮ್ಮನ ಕೈ ನಿಧಾನವಾಯಿತು. ನಾನು ಗಾಡಿಯ ಕೀಲಿಕೈಯನ್ನು ಜಗಲಿಯ ಮೇಲಿಟ್ಟು ಬಸ್ ಸ್ಟಾಪಿನ ಕಡೆ ನಡೆದೆ.